ಇಳಿಯುವ ಗೆರೆ

ಗುರುಸಿದ್ದವ್ವ ಬಾಗಲಕೋಟೆಯಲ್ಲಿ ಮಾಡುವ ಕೆಲಸ ಏನೆಂಬುದು ಹುನಗುಂದದ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ತಿಳಿಸಿ ಹೇಳುವ ಹುರುಪು ಅವಳಲ್ಲೂ ಉಳಿದಿರಲಿಲ್ಲ. ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ, ಜೋಳದ ಚೀಲಗಳ ನಡುವೆ ಕಾಲು ಮಡಚಿ ಕೂತು, ಸಂಜೆಗೆ ಮನೆ ಮುಟ್ಟಿದರೆ, ಅವಳು ಚಪ್ಪಲಿ ಬಿಡುವ ಮೊದಲೇ ತಾಯಿ ಸಿದ್ದವ್ವನ ಪ್ರಶ್ನೆ ಬಾಗಿಲಿಗೆ ಬರುತ್ತಿತ್ತು.

“ಈ ವಾರರೆ ಕಾಯ್ತೇನವಾ ನಿಮ್ಮ ಹಂಡೆ?”

“ಇಲ್ಲ ಯವ್ವಾ. ಕರೆಂಟ ಇರಲಿಲ್ಲ.”

“ನಮ್ಮ ಬಚ್ಚಲ ಹಂಡೆಕ್ಕ ಕರೆಂಟ ಬೇಕಾಗಿಲ್ಲ ನೋಡು. ನಾಕ ಕುಳ್ಳು ಇಟ್ರ ಆತು.”

ತಮ್ಮ ಈರಪ್ಪ ಹುನಗುಂದದ ಕೋರ್ಟಿನಲ್ಲಿ ಗುಮಾಸ್ತ. ಅವನು ಕಟ್ಟೆಯ ಮೇಲೆ ಕೂತಲ್ಲಿಂದಲೇ ದನಿಗೂಡಿಸುತ್ತಿದ್ದ. “ಬಿಡಬೇ ಯವ್ವಾ. ಅಕ್ಕ ಚಂದ್ರಲೋಕದವರಿಗೆ ನೀರ ಕಾಸಾಕ ಹತ್ಯಾಳ. ಅಷ್ಟ ದೂರ ಮುಟ್ಟೂದಂದ್ರ ತಡಾ ಆಗ್ತದ.”

ಅವಳು ನಗುತ್ತಿರಲಿಲ್ಲ, ಸಿಟ್ಟಿಗೂ ಏಳುತ್ತಿರಲಿಲ್ಲ. ಕಾಲು ತೊಳೆದು ಒಳಗೆ ಹೋಗುತ್ತಿದ್ದಳು.

ಹಂಡೆ ಎಂಬ ಹೆಸರಿಟ್ಟವನು ರಾಜಮಹ್ಮದ. ಕಾಲೇಜಿನಲ್ಲಿ ಗಾಜು ಊದುವ ಕೆಲಸ, ಪಂಪು ರಿಪೇರಿ ಎರಡನ್ನೂ ಅವನೇ ನೋಡುತ್ತಿದ್ದ. ಭೌತಶಾಸ್ತ್ರ ವಿಭಾಗದ ಹಿಂದಿನ ಕೋಣೆಯಲ್ಲಿ ಹೊಟ್ಟೆ ಉಬ್ಬಿದ ಒಂದು ಉಕ್ಕಿನ ಪಾತ್ರೆ ಇತ್ತು. ಅದರ ಮಗ್ಗುಲಿಗೆ ದಪ್ಪ ಗಾಜಿನ ಕಿಟಕಿ, ಕೆಳಗೆ ಗಾಳಿ ಹೀರುವ ಪಂಪು. ಒಳಗಿನ ಗಾಳಿಯನ್ನೆಲ್ಲ ಹೀರಿದ ಮೇಲೆ ಆಕಾಶದ ಮೇಲ್ಭಾಗದಲ್ಲಿ ಇರುವಂಥ ನಿರ್ವಾತ ಅದರಲ್ಲಿ ಸಿಗುತ್ತಿತ್ತು. ಪೂರಾ ಅಲ್ಲ, ಸುಮಾರಾಗಿ. ಆ ನಿರ್ವಾತದ ನಡುವೆ ತಂಬಿಗೆಯಷ್ಟು ದೊಡ್ಡ ಹಿತ್ತಾಳೆಯ ಯಂತ್ರ ಒಂದನ್ನು ಕೂರಿಸಿದ್ದರು. ಉಪಗ್ರಹವು ಮೇಲೆ ಹೋದ ಮೇಲೆ ತನ್ನ ಜಾಗ ಬಿಟ್ಟು ಸರಿಯದಂತೆ ಅದನ್ನು ಮೆಲ್ಲಗೆ ನೂಕಬೇಕಾಗುತ್ತದೆ. ಹಾಗೆ ನೂಕಲು ಬೆಂಕಿಯ ಬದಲು ವಿದ್ಯುತ್ತನ್ನು ಬಳಸುವ ಯಂತ್ರ ಅದು. ಸ್ವಲ್ಪ ಅನಿಲ ಬಿಟ್ಟು, ವಿದ್ಯುತ್ತು ಹರಿಸಿದರೆ ಅನಿಲದ ಕಣಗಳು ಒಡೆದು ನೇರಳೆ ಬಣ್ಣದಲ್ಲಿ ಹೊಳೆಯುತ್ತವೆ. ಈ ಹೊಳಪಿಗೆ ಪ್ಲಾಸ್ಮಾ ಎನ್ನುತ್ತಾರೆ. ಅದನ್ನು ಹಿಂದಕ್ಕೆ ಚಿಮ್ಮಿಸಿದರೆ ಯಂತ್ರ ಮುಂದಕ್ಕೆ ಹೋಗುತ್ತದೆ.

ಚಿಮ್ಮಿಸುವ ಮಾತು ಆಮೇಲಿನದು. ಮೊದಲು ಒಳಗಿನ ಹೊಳಪಿನಲ್ಲಿ ಎಲೆಕ್ಟ್ರಾನುಗಳು ಎಷ್ಟು ದಟ್ಟವಾಗಿವೆ, ಎಷ್ಟು ಬಿಸಿಯಾಗಿವೆ ಎಂದು ಅಳೆಯಬೇಕು. ಗುರುಸಿದ್ದವ್ವನ ಕೆಲಸ ಈ ಅಳತೆ. ಕೂದಲಿಗಿಂತ ತುಸು ದಪ್ಪನೆಯ ಟಂಗ್‌ಸ್ಟನ್ ತಂತಿಗೆ ರಾಜಮಹ್ಮದ ಗಾಜಿನ ಕೊಳವೆ ತೊಡಿಸಿ ತುದಿಯನ್ನಷ್ಟೇ ಬಯಲು ಬಿಡುತ್ತಿದ್ದ. ಆ ಬಯಲು ತುದಿ ನೇರಳೆ ಹೊಳಪಿನ ನಡುವೆ ನಿಲ್ಲಬೇಕು. ಎಲ್ಲರೂ ಅದಕ್ಕೆ ಕಡ್ಡಿ ಎನ್ನುತ್ತಿದ್ದರು. ಹೊರಗಿನಿಂದ ಬ್ಯಾಟರಿಯ ವೋಲ್ಟೇಜನ್ನು ಗುಂಡಿ ತಿರುಗಿಸಿ ಮೆಲ್ಲಗೆ ಏರಿಸುತ್ತ, ಪ್ರತಿ ಮೆಟ್ಟಿಲಿಗೂ ಕಡ್ಡಿಗೆ ಎಷ್ಟು ವಿದ್ಯುತ್ತು ಬಂತೆಂದು ಮೀಟರಿನ ಮುಳ್ಳು ನೋಡಿ ಗುರುತು ಹಾಕಬೇಕು. ಗುರುತುಗಳನ್ನು ಸೇರಿಸಿದರೆ ಒಂದು ಗೆರೆ ಬರುತ್ತದೆ. ಗೆರೆ ಕಡಿದಾಗಿ ಏರಿದರೆ ಎಲೆಕ್ಟ್ರಾನುಗಳು ತಣ್ಣಗಿವೆ, ಸಪಾಟಾಗಿ ಏರಿದರೆ ಬಿಸಿಯಾಗಿವೆ. ಬಿಸಿ ಎಲೆಕ್ಟ್ರಾನುಗಳು ಹೆಚ್ಚು ಅನಿಲವನ್ನು ಒಡೆಯುತ್ತವೆ ಎಂಬುದರಿಂದ ಬಿಸಿ ಇದ್ದಷ್ಟೂ ಯಂತ್ರಕ್ಕೆ ಒಳ್ಳೆಯದು ಎಂದು ವಿಭಾಗದ ಮುಖ್ಯಸ್ಥರು ನಂಬಿದ್ದರು.

ಮುಖ್ಯಸ್ಥರ ಹೆಸರು ಅಂದಾನಪ್ಪ. ಇಳಕಲ್ಲಿನವರು, ನಿವೃತ್ತಿಗೆ ಹತ್ತಿರ ಬಂದವರು. ಹಣೆಯ ಮೇಲೆ ವಿಭೂತಿಯಿಲ್ಲದೆ ಅವರನ್ನು ಯಾರೂ ಕಂಡದ್ದಿಲ್ಲ. ಜೀವಮಾನವಿಡೀ ಬಿ.ಎಸ್ಸಿ. ಹುಡುಗರಿಗೆ ಅದೇ ಪಾಠ ಹೇಳಿದ ಮನುಷ್ಯ, ಕೊನೆಗಾಲಕ್ಕೆ ತನ್ನದೊಂದು ಯಂತ್ರ ಮಾಡಬೇಕೆಂದು ಹಟ ಹಿಡಿದು, ಬೆಂಗಳೂರಿನ ಒಂದು ಸಂಸ್ಥೆಗೆ ಮೇಲಿಂದ ಮೇಲೆ ಬರೆದು, ಸಣ್ಣದೊಂದು ಯೋಜನೆ ತಂದರು. ಯಂತ್ರದ ಸುತ್ತ ಹಳೆಯ ರೇಡಿಯೋ ಸ್ಪೀಕರುಗಳಿಂದ ಬಿಚ್ಚಿದ ಅಯಸ್ಕಾಂತಗಳನ್ನು ತಾವೇ ಕೂರಿಸಿದರು. ಅಳತೆಗೆ ಯಾರನ್ನು ತೆಗೆದುಕೊಳ್ಳಬೇಕೆಂಬ ಮಾತು ಬಂದಾಗ, ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಎರಡು ಊರಿನ ಕಾಲೇಜುಗಳಲ್ಲಿ ‘ಹೆಣ್ಣುಮಕ್ಕಳಿಗೆ ಪ್ರಯೋಗಶಾಲೆ ಕೊಡೂದಿಲ್ರಿ’ ಎನ್ನಿಸಿಕೊಂಡು ಬಂದಿದ್ದ ಗುರುಸಿದ್ದವ್ವನನ್ನು ಅವರು ಒಂದೇ ಮಾತಿನಲ್ಲಿ ಒಪ್ಪಿಕೊಂಡರು. “ಕೈ ನಡಗ್ತದೇನವಾ?” ಎಂದು ಕೇಳಿದರು. “ಇಲ್ರಿ” ಎಂದಳು. “ಹಂಗಾರ ಸೋಮವಾರ ಬಾ” ಎಂದರು.

ನೌಕರಿ ಕಾಯಂ ಅಲ್ಲ. ಯೋಜನೆ ಇರುವವರೆಗೆ ಅವಳ ಕುರ್ಚಿ. ಬೆಂಗಳೂರಿನವರು ಇನ್ನೊಂದು ಅವಧಿಗೆ ಮುಂದುವರಿಸಿದರೆ ಅವಳನ್ನು ವಿಭಾಗದಲ್ಲಿ ಕಾಯಂ ಮಾಡಿಕೊಳ್ಳುವುದಾಗಿ ಕಾಲೇಜಿನ ಹಿರಿಯರು ಅಂದಾನಪ್ಪನವರಿಗೆ ಮಾತು ಕೊಟ್ಟಿದ್ದರು. ಮೂವತ್ತು ದಾಟಿದ, ಮದುವೆಯ ಮಾತು ಬಂದು ನಿಂತುಹೋದ ಹೆಣ್ಣಿಗೆ ಆ ಊರುಗಳಲ್ಲಿ ಇದಕ್ಕಿಂತ ಬೇರೆ ದಾರಿ ಸುಲಭವಾಗಿ ಸಿಗುವಂತಿರಲಿಲ್ಲ. ಅವಳಿಗೆ ಅದು ಗೊತ್ತಿತ್ತು. ಸಿದ್ದವ್ವನಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು.

ಕೆಲಸ ದಣಿಸುವಂಥದ್ದು. ಪಂಪು ತಣ್ಣಗಿರಲು ಅದರ ಮೈಮೇಲೆ ನೀರು ಹರಿಯುತ್ತಲೇ ಇರಬೇಕು, ನಲ್ಲಿಯಲ್ಲಿ ನೀರು ಬರುವುದು ದಿನ ಬಿಟ್ಟು ದಿನ. ಮಾಳಿಗೆಯ ಮೇಲೆ ಪೀಪಾಯಿ ಇಟ್ಟು ರಾಜಮಹ್ಮದ ಕೊಡದಲ್ಲಿ ಹೊತ್ತು ತುಂಬುತ್ತಿದ್ದ. ಹಂಡೆಯ ಗಾಳಿ ಹೀರಿ ಮುಗಿಯುವಷ್ಟರಲ್ಲಿ ಅರ್ಧ ದಿನ ಹೋಗಿರುತ್ತಿತ್ತು. ಅಷ್ಟೊತ್ತಿಗೆ ಕರೆಂಟು ಹೋದರೆ ಮರುದಿನ ಮೊದಲಿನಿಂದ. ಕರೆಂಟು ಇದ್ದ ದಿನ ಅವಳು ಅವಸರದಲ್ಲಿ ಗುಂಡಿಯನ್ನು ಕೆಳಗಿನಿಂದ ಮೇಲಕ್ಕೆ ಒಂದು ಸಲ ಏರಿಸಿ, ಏರುವ ಗೆರೆ ಬರೆದುಕೊಂಡು, ತಕ್ಷಣ ಯಂತ್ರ ಆರಿಸಿಬಿಡುತ್ತಿದ್ದಳು. ಇಳಿಸುತ್ತಲೂ ಓದಿ ತಾಳೆ ನೋಡಬೇಕೆಂದು ಪುಸ್ತಕದಲ್ಲಿತ್ತು. ಅದಕ್ಕೆ ಹೊತ್ತು ಸಾಲುತ್ತಿರಲಿಲ್ಲ. ಮೊದಮೊದಲು ಇದು ಅವಳ ಮನಸ್ಸನ್ನು ಚುಚ್ಚುತ್ತಿತ್ತು, ಆಮೇಲೆ ರೂಢಿಯಾಯಿತು.

ಹಾಗೆ ತೆಗೆದ ಗೆರೆಗಳಲ್ಲಿ ವಿಶೇಷವೇನೂ ಇರಲಿಲ್ಲ. ಯಾವ ದೇಶದ ಯಾವ ಪ್ರಯೋಗಶಾಲೆಯಲ್ಲಿ ಮಾಡಿದರೂ ಬರುವಷ್ಟೇ ಬಿಸಿ ಬರುತ್ತಿತ್ತು. ಅಂದಾನಪ್ಪನವರು ಗೆರೆಯ ಹಾಳೆ ಕೈಯಲ್ಲಿ ಹಿಡಿದು, “ಇರಲಿ ಬಿಡವಾ” ಎಂದು ಅದನ್ನು ತಿರುಗಿಸಿ ಇಡುತ್ತಿದ್ದರು.

೧೯೭೯ರ ದಸರೆಯ ಸೂಟಿ ಕಳೆದ ಮೇಲೆ ಗೆರೆ ಬದಲಾಯಿತು.

ಸೂಟಿಯಲ್ಲಿ ಅವಳು ಹುನಗುಂದದಲ್ಲಿದ್ದಳು. ಅಂದಾನಪ್ಪನವರು ಮಾತ್ರ ಕೋಣೆ ಬಿಟ್ಟಿರಲಿಲ್ಲ. ಅಯಸ್ಕಾಂತಗಳನ್ನು ಬಿಚ್ಚಿ ಬೇರೆ ರೀತಿ ಕೂರಿಸಿದ್ದರು. ಅವಳು ಬಂದು ಅಳೆದಾಗ ಗೆರೆ ಮೊದಲಿಗಿಂತ ಎಷ್ಟೋ ಸಪಾಟಾಗಿ ಏರಿತು. ಎಲೆಕ್ಟ್ರಾನುಗಳ ಬಿಸಿ ಹೆಚ್ಚು ಕಡಿಮೆ ಎರಡು ಪಟ್ಟಾಗಿತ್ತು. ಇನ್ನೊಂದು ದಿನ ಅಳೆದರೂ ಅದೇ. ಮತ್ತೊಂದು ದಿನವೂ ಅದೇ. ಅಂದಾನಪ್ಪನವರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನಿಂತರು.

“ಅಯಸ್ಕಾಂತ ನೋಡವಾ. ನಾ ಹೇಳಿದ್ದಿಲ್ಲ? ಕೂಡ್ಸೂದರಾಗ ಐತಿ ಎಲ್ಲಾ.”

“ಹೌದ್ರಿ ಸರ್.”

“ಬೆಂಗಳೂರಿಗೆ ಇವತ್ತ ಬರೀತೇನಿ.”

ಬರೆದರು. ಬೆಂಗಳೂರಿನಿಂದ ಅಧಿಕಾರಿಯೊಬ್ಬರು ಜನವರಿ ಕೊನೆಯಲ್ಲಿ ಖುದ್ದಾಗಿ ಬಂದು ನೋಡುವುದಾಗಿ ಉತ್ತರ ಬಂತು. ಸುದ್ದಿ ಹುನಗುಂದಕ್ಕೂ ಮುಟ್ಟಿತು. “ಕಾಯ್ತಂತಲ್ಲವಾ ಹಂಡೆ!” ಎಂದು ಸಿದ್ದವ್ವ ಆ ವಾರ ಅಕ್ಕಿ ಹುಗ್ಗಿ ಮಾಡಿದಳು.

ಜನವರಿಯ ನಡುವೆ ಒಂದು ಮಧ್ಯಾಹ್ನ. ಕರೆಂಟು ಹೋಗುವ ಹೊತ್ತು ಬಂದಿತ್ತು, ಹೋಗಲಿಲ್ಲ. ಗುರುಸಿದ್ದವ್ವ ಏರುವ ಗೆರೆ ಮುಗಿಸಿದ್ದಳು. ಯಂತ್ರ ಆರಿಸಲು ಎದ್ದು ಆ ಬದಿಗೆ ಹೋಗಬೇಕು. ಬೆಳಗಿನಿಂದ ನಿಂತು ಕಾಲು ಸೋತಿದ್ದವು. ಏಳುವ ಮನಸ್ಸಾಗದೆ ಕೂತಲ್ಲೇ ಗುಂಡಿಯನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿದಳು. ಕಣ್ಣು ರೂಢಿಯಂತೆ ಮುಳ್ಳಿನ ಮೇಲೆಯೇ ಇತ್ತು. ಏರುವಾಗ ನಿಂತಿದ್ದ ಜಾಗದಲ್ಲಿ ಮುಳ್ಳು ನಿಲ್ಲಲಿಲ್ಲ. ಮುಳ್ಳು ಸಿಕ್ಕಿಕೊಂಡಿರಬೇಕೆಂದು ಮೀಟರಿನ ಗಾಜನ್ನು ಉಗುರಿನಿಂದ ತಟ್ಟಿದಳು. ಅಲ್ಲಾಡಿ ಮತ್ತೆ ಅಲ್ಲಿಗೇ ಬಂತು. ಇನ್ನೊಮ್ಮೆ ಪೂರ್ತಿ ಏರಿಸಿ, ಪೂರ್ತಿ ಇಳಿಸಿ, ಎರಡನ್ನೂ ಒಂದೇ ಹಾಳೆಯ ಮೇಲೆ ಬರೆದಳು. ಏರುವ ಗೆರೆಗೂ ಇಳಿಯುವ ಗೆರೆಗೂ ನಡುವೆ ಜೋಳದ ಎಲೆಯ ಆಕಾರದ ಸಂದು ಬಿದ್ದಿತ್ತು.

ಹೊಳಪು ಒಂದೇ, ಕಡ್ಡಿ ಒಂದೇ, ವೋಲ್ಟೇಜು ಒಂದೇ. ಏರುವಾಗ ಒಂದು ಉತ್ತರ, ಇಳಿಯುವಾಗ ಇನ್ನೊಂದು ಉತ್ತರ ಕೊಡಬೇಕಾದರೆ ದೋಷ ಪ್ಲಾಸ್ಮಾದಲ್ಲಿ ಇರುವುದಿಲ್ಲ, ಕಡ್ಡಿಯಲ್ಲಿ ಇರುತ್ತದೆ. ಲೋಹದ ತುದಿಯ ಮೇಲೆ ಬೇರೆ ಏನಾದರೂ ಪದರ ಕೂತಿದ್ದರೆ, ಬಂದ ವಿದ್ಯುತ್ತು ಆ ಪದರದಲ್ಲಿ ತಡೆದು ನಿಲ್ಲುತ್ತದೆ. ಮುಳ್ಳು ತಡವಾಗಿ, ತಪ್ಪಾಗಿ ಹೇಳುತ್ತದೆ. ಗೆರೆ ಸಪಾಟಾಗುತ್ತದೆ. ಆಗ ತಣ್ಣಗಿದ್ದದ್ದೂ ಬಿಸಿಯಾಗಿ ಕಾಣುತ್ತದೆ.

ತುದಿಗೆ ಜಿಡ್ಡು ಹತ್ತಿದ್ದರೆ ಸುಟ್ಟು ತೆಗೆಯುವ ಉಪಾಯ ಒಂದಿತ್ತು. ವೋಲ್ಟೇಜು ಹೆಚ್ಚು ಕೊಟ್ಟು ತಂತಿ ಕೆಂಪಗಾಗುವವರೆಗೆ ಕಾಸಿದಳು. ಮತ್ತೆ ಅಳೆದಳು. ಸಂದು ಹಾಗೇ ಇತ್ತು. ಮರುದಿನ ಹಂಡೆಗೆ ಗಾಳಿ ಬಿಟ್ಟು, ಕಡ್ಡಿಯನ್ನು ಹೊರತೆಗೆದು, ಭೂತಗನ್ನಡಿಯ ಕೆಳಗೆ ಹಿಡಿದಳು. ತುದಿಯ ಸುತ್ತ ಸುಣ್ಣದ ಗಾರೆಯಂತೆ ಬಿಳಿಯ ಹೊಪ್ಪಳಿಕೆ.

“ರಾಜಮಹ್ಮದಣ್ಣ, ಇದೇನಿದು?”

ರಾಜಮಹ್ಮದ ನೋಡಿದ. ನೋಡಿದವನು ಬಾಗಿಲ ಕಡೆಗೊಮ್ಮೆ ನೋಡಿದ. “ಸೂಟಿಯೊಳಗ ಖಂಡೆ ಪೂಜಿ, ಆಯುಧದ ಪೂಜಿ, ಆತಲ್ರಿ ಅಕ್ಕಾರ. ಸರ್ ಎಲ್ಲಾದಕ್ಕೂ ವಿಭೂತಿ ಹಚ್ಚಿದ್ರು. ಹಂಡೆಕ್ಕ, ಪಂಪಿಗೆ, ಪಕ್ಕಡಕ್ಕ, ನನ್ನ ಊದೂ ಕೊಳವಿಗೂ ಹಚ್ಚಿದ್ರು. ಬ್ಯಾಡ ಅನ್ನಾಕ ಆಗ್ತದೇನ್ರಿ?”

“ಕಡ್ಡಿಗೂ?”

“ಕಡ್ಡಿ ಬಿಚ್ಚಿ ತಾಟಿನ್ಯಾಗ ಇಟ್ಟಿದ್ದೆ. ಮೂರ ಬೆರಳ ಹಿಡೀಲಿಲ್ಲ ಅದಕ್ಕ. ಒಂದ ಬೆರಳಿಲೆ ಹಚ್ಚಿದ್ರು, ಪಾಪ, ಜ್ವಾಕಿಲೆ.”

“ಮತ್ತ ನೀ?”

“ನಾ ಒದ್ದಿ ಅರಬಿಲೆ ಒರಸಿ ಕೂಡಿಸೀನ್ರಿ. ಹಂಗ ಬಿಟ್ರ ನೀವು ಬಂದು ಬೈತೀರಿ ಅಂತ.”

ಒದ್ದೆ ಬಟ್ಟೆ ವಿಭೂತಿಯನ್ನು ಒರೆಸಿರಲಿಲ್ಲ, ಮೆತ್ತಿತ್ತು. ಮೆತ್ತಿದ್ದನ್ನು ಪ್ಲಾಸ್ಮಾ ಬೇಯಿಸಿ ಗಟ್ಟಿ ಮಾಡಿತ್ತು. ನಿನ್ನೆ ತಾನು ಅದನ್ನು ಕೆಂಪಗೆ ಕಾಸಿದ್ದು ನೆನಪಾಗಿ ಅವಳಿಗೆ ತನ್ನ ಮೇಲೆಯೇ ಬೇಸರ ಬಂತು. ವಿಭೂತಿ ಎಂದರೆ ಸುಟ್ಟು ಮುಗಿದದ್ದು. ಅದನ್ನು ಇನ್ನೇನು ಸುಡುವುದು?

ಆ ವಾರ ಅವಳು ಯಾರಿಗೂ ಏನೂ ಹೇಳಲಿಲ್ಲ. ಕಡ್ಡಿಯನ್ನು ಇದ್ದ ಹಾಗೆಯೇ ಮರಳಿ ಕೂರಿಸಿದಳು. ಹುನಗುಂದಕ್ಕೆ ಹೋದಳು. ಸಿದ್ದವ್ವ ರೊಟ್ಟಿ ಬಡಿಯುತ್ತ, ಕಾಯಂ ಆದ ಮೇಲೆ ಬಾಗಲಕೋಟೆಯಲ್ಲಿ ತಾನೂ ಬಂದು ಇರುವುದಾಗಿ, ಅಲ್ಲಿ ಎರಡು ಕೋಣೆಯ ಮನೆ ನೋಡಬೇಕೆಂದು ಹೇಳಿದಳು. “ಹೊಳಿ ನೀರ ಬರೂ ಓಣ್ಯಾಗ ನೋಡು. ಬಾವಿ ನೀರ ನನಗ ಆಗೂದಿಲ್ಲ.”

“ಆ ಊರು ಮುಳುಗ್ತದಂತ ಬೇ, ಡ್ಯಾಮಿನ್ಯಾಗ,” ಎಂದ ಈರಪ್ಪ.

“ಅದು ಮುಳುಗೂತನ ನಾ ಇರ್ತೇನೇನೋ ಹುಚ್ಚಪ್ಪಾ!”

ಗುರುಸಿದ್ದವ್ವ ರೊಟ್ಟಿ ಮುರಿಯುತ್ತ ಯೋಚಿಸಿದಳು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಬೆಂಗಳೂರಿನವರು ಏರುವ ಗೆರೆ ನೋಡುತ್ತಾರೆ, ತಲೆ ಆಡಿಸುತ್ತಾರೆ, ಸಹಿ ಹಾಕುತ್ತಾರೆ. ಆಮೇಲೆ? ಆಮೇಲಿನ ವರ್ಷಗಳಲ್ಲೂ ಬಿಸಿ ಅಷ್ಟೇ ಬರುತ್ತಿರಬೇಕು. ಅದಕ್ಕೆ ಆ ಹೊಪ್ಪಳಿಕೆಯನ್ನು ಕಾಪಾಡಿಕೊಂಡು ಹೋಗಬೇಕು. ಕಡ್ಡಿ ಮುರಿದರೆ ಹೊಸದಕ್ಕೂ ಹಚ್ಚಬೇಕು. ಕೇಳಿದವರಿಗೆ ಅಯಸ್ಕಾಂತ ಎನ್ನಬೇಕು. ಸುಳ್ಳನ್ನು ನಡೆಸಿಕೊಂಡು ಹೋಗಲು ಬೇಕಾಗುವ ಚೈತನ್ಯವನ್ನು ಲೆಕ್ಕ ಹಾಕಿದಳು. ಅಷ್ಟು ಅವಳಲ್ಲಿರಲಿಲ್ಲ. ಅವಳನ್ನು ಬಲ್ಲವರು ಮುಂದೆ ಇದನ್ನು ಪ್ರಾಮಾಣಿಕತೆ ಎಂದು ಕರೆದರು. ಅವಳು ಹಾಗೆ ಕರೆಯಲಿಲ್ಲ.

ಸೋಮವಾರ ಬೆಳಿಗ್ಗೆ ಅಂದಾನಪ್ಪನವರ ಮೇಜಿನ ಮೇಲೆ ಎರಡು ಗೆರೆಯ ಹಾಳೆಯನ್ನು ಇಟ್ಟು, ಇದ್ದದ್ದನ್ನು ಇದ್ದಂತೆ ಹೇಳಿದಳು. ಅವರು ಕೇಳುತ್ತ ಕೇಳುತ್ತ ಕೆಂಪಗಾದರು.

“ನಿನ್ನ ತಪ್ಪನ್ನ ನನ್ನ ವಿಭೂತಿ ಮ್ಯಾಲ ಹಾಕ್ತಿಯೇನವಾ?”

“ಇಲ್ರಿ.”

“ಇಳಿಯೂ ಗೆರಿ ತಗೀಲಾರದವರು ಯಾರು?”

“ನಾನ್ರಿ.”

“ದಸರಿ ಮುಗದು ಎಷ್ಟ ದಿನಾ ಆತು? ಈಗ ಬಂದು ಹೇಳ್ತಿ!”

“ಹೌದ್ರಿ. ಮೊದಲಿಂದ ತಗದಿದ್ರ ಆವತ್ತ ತಿಳೀತಿತ್ತು. ಅದು ನಂದ ತಪ್ಪು. ಆದ್ರ ಬಿಸಿ ಇಲ್ರಿ ಸರ್. ಬಿಸಿ ಇದ್ದಿದ್ದ ಖರೆ ಅಲ್ಲ.”

“ಅಯಸ್ಕಾಂತ ಕೂಡಿಸೀನಿ ನಾನು!” ಅವರು ಮೇಜು ಗುದ್ದಿದರು. ಮಸಿಯ ದೌತಿ ಹಾರಿ ಬಿತ್ತು. ಅವರೇ ಅದನ್ನು ಎತ್ತಿ ನಿಲ್ಲಿಸಿ, ಚೆಲ್ಲಿದ ಮಸಿಯನ್ನು ಒರೆಸುವ ಕಾಗದದಿಂದ ಒತ್ತುತ್ತ ಬಹಳ ಹೊತ್ತು ಕಳೆದರು. ಅವಳು ನಿಂತೇ ಇದ್ದಳು.

“ಎರಡ ಕಡ್ಡಿ ಮಾಡಸೋಣ್ರಿ,” ಎಂದಳು ಕೊನೆಗೆ. “ಹೊಸಾವ. ಒಂದಕ್ಕ ಏನೂ ಹಚ್ಚೂದು ಬ್ಯಾಡ. ಇನ್ನೊಂದಕ್ಕ ಆವತ್ತ ಹಚ್ಚಿಧಂಗ ಹಚ್ಚೋಣು. ಎರಡನ್ನೂ ಮಗ್ಗಲ ಮಗ್ಗಲ ಇಟ್ಟು ಒಮ್ಮೆಲೆ ಅಳಿಯೋಣು. ಅಯಸ್ಕಾಂತ ನೀವು ಕೂಡಿಸಿಧಂಗ ಇರಲಿ. ಅದರದ ಬಿಸಿ ಆಗಿದ್ರ ಎರಡರಾಗೂ ಬರ್ತದ.”

ಸಂಜೆ ರಾಜಮಹ್ಮದನಿಗೆ ಕಡ್ಡಿ ಮಾಡಲು ಹೇಳಿದವರು ಅಂದಾನಪ್ಪನವರೇ.

ಕಡ್ಡಿಗಳು ತಯಾರಾದ ಬೆಳಿಗ್ಗೆ ರಾಜಮಹ್ಮದ ಎರಡನ್ನೂ ತಾಟಿನಲ್ಲಿ ತಂದಿಟ್ಟ. ಗುರುಸಿದ್ದವ್ವ ಕಪಾಟಿನಲ್ಲಿದ್ದ ಹಳೆಯ ವಿಭೂತಿಯ ಉಂಡೆಯನ್ನು ತೆಗೆದು ಮುರಿಯಲು ಹೋದಳು.

“ತಡಿ,” ಎಂದರು ಅಂದಾನಪ್ಪನವರು. “ನೀ ಮುಟ್ಟಬ್ಯಾಡ. ಹಚ್ಚಿದಾಂವ ನಾನು, ನಾನ ಹಚ್ಚತೇನಿ. ಜಳಕಾ ಮಾಡಿ ಬರ್ತೇನಿ.”

“ಸರ್, ನೀರ ಪಂಪಿಗೆ ಸಾಲಾಂಗಿಲ್ರಿ,” ಎಂದ ರಾಜಮಹ್ಮದ.

“ಮನಿಯಾಗ ಮಾಡ್ತೇನೋ ಮಾರಾಯಾ. ನಿನ್ನ ಪೀಪಾಯಿಗೆ ಕೈ ಹಾಕಾಂಗಿಲ್ಲ.”

ಅವರ ಮನೆ ಕೋಟೆಯ ಓಣಿಯಲ್ಲಿ. ಹೋದರು. ಇಬ್ಬರೂ ಕಾಯುತ್ತ ಕೂತರು. ರಾಜಮಹ್ಮದ ಬೀಡಿ ಸೇದಲು ಹೊರಗೆ ಹೋಗಿ ಬಂದ, ಮತ್ತೆ ಹೋದ. ಗುರುಸಿದ್ದವ್ವನಿಗೆ ಕರೆಂಟಿನ ಚಿಂತೆ. ಅಂದಾನಪ್ಪನವರು ಸ್ನಾನ ಮಾಡಿ, ಇಷ್ಟಲಿಂಗದ ಪೂಜೆ ಮುಗಿಸಿ, ಹಸಿ ಕೂದಲಲ್ಲಿ, ಹೊಸದಾಗಿ ಬಳಿದ ಹಣೆಯಲ್ಲಿ ಬಂದರು. ಮನೆಯ ವಿಭೂತಿಯನ್ನೇ ಕಾಗದದಲ್ಲಿ ಕಟ್ಟಿ ತಂದಿದ್ದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ಎಡಗೈಯಲ್ಲಿ ಕಡ್ಡಿ ಹಿಡಿದು, ಬಲಗೈಯ ಒಂದು ಬೆರಳಿನಿಂದ ಅದರ ತುದಿಗೆ, ಜೋಪಾನವಾಗಿ, ಹಚ್ಚಿದರು.

“ದೇವರನ್ನ ಪರೀಕ್ಷಾ ಮಾಡಾಕ ಹತ್ತೇವಿ ಅನ್ಕೋಬ್ಯಾಡ್ರಿ,” ಎಂದರು ಯಾರನ್ನೂ ನೋಡದೆ. “ಕಡ್ಡೀನ್ನ ಪರೀಕ್ಷಾ ಮಾಡಾಕ ಹತ್ತೇವಿ.” ಆಮೇಲೆ ರಾಜಮಹ್ಮದನಿಗೆ ಹೇಳಿದರು, “ಒರಸು. ಆವತ್ತ ಹೆಂಗ ಒರಸಿದಿ ಹಂಗ ಒರಸು.”

ರಾಜಮಹ್ಮದ ಒದ್ದೆ ಬಟ್ಟೆಯಿಂದ ಒರೆಸಿದ.

ಅಳತೆಗೆ ಎರಡು ದಿನ ಹಿಡಿಯಿತು. ಏನೂ ಹಚ್ಚದ ಕಡ್ಡಿಯಲ್ಲಿ ಏರುವ ಗೆರೆಯ ಮೇಲೆಯೇ ಇಳಿಯುವ ಗೆರೆ ಕೂತಿತು. ಬಿಸಿ ದಸರೆಗೆ ಮೊದಲು ಇದ್ದಷ್ಟೇ, ಕೂದಲೆಳೆಯಷ್ಟೂ ಹೆಚ್ಚಿಲ್ಲ. ಹಚ್ಚಿದ ಕಡ್ಡಿಯಲ್ಲಿ ಅದೇ ಜೋಳದ ಎಲೆ, ಅದೇ ಎರಡು ಪಟ್ಟು. ಮುಳ್ಳನ್ನು ಅಂದಾನಪ್ಪನವರು ಸ್ವತಃ ಓದಿದರು. ಅವರು ಕೂಗಿ ಹೇಳಿದ ಅಂಕಿಗಳನ್ನು ಅವಳು ಹಾಳೆಯ ಮೇಲೆ ಗುರುತು ಮಾಡಿದಳು. ಕೊನೆಯ ಅಂಕಿ ಹೇಳಿ ಅವರು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು.

“ಅಯಸ್ಕಾಂತದ್ದ ಏನೂ ಇಲ್ಲಂಗಾತು.”

“ಇಲ್ರಿ.”

“ಒಂದೀಟೂ?”

“ಒಂದೀಟೂ ಇಲ್ರಿ ಸರ್.”

ಬೆಂಗಳೂರಿನ ಅಧಿಕಾರಿ ಬರುವ ದಿನ ಬಂತು. ಮೈಸೂರ ಕಡೆಯವರು, ಪ್ಯಾಂಟಿನ ಗೆರೆ ಮುರಿಯದ ಹಾಗೆ ಕೂರುವವರು. ಬೆಳಿಗ್ಗೆ ಮೊದಲು ಬಾದಾಮಿ ನೋಡಬೇಕೆಂದರು. ಕಾಲೇಜಿನ ಜೀಪಿನಲ್ಲಿ ಗುಹೆಗಳನ್ನು ತೋರಿಸಿ, ಚೊಳಚಗುಡ್ಡದ ಬನಶಂಕರಿಗೆ ಕರೆದುಕೊಂಡು ಹೋದರು. ಹೊಂಡದ ದಂಡೆಯ ಮೇಲೆ ಬುಟ್ಟಿ ಇಟ್ಟುಕೊಂಡು ಕೂತಿದ್ದ ಬಾಳಮ್ಮ ಎಂಬ ಮುದುಕಿಯ ಹತ್ತಿರ ರೊಟ್ಟಿ, ಕೆಂಪು ಖಾರ, ಗಟ್ಟಿ ಮೊಸರು ತೆಗೆದುಕೊಂಡರು. ಅಧಿಕಾರಿ ಖಾರಕ್ಕೆ ಕಣ್ಣೀರು ಹಾಕುತ್ತ ನೀರು ಕೇಳಿದರು.

“ನೀರ ಕುಡದ್ರ ಇನ್ನೂ ಹತ್ತತದ್ರಿ ಸಾಹೇಬ್ರ,” ಎಂದಳು ಬಾಳಮ್ಮ. “ಮಸರ ತಿನ್ರಿ. ಇಷ್ಟ ಖಾರಕ್ಕ ಅಳ್ತೀರಿ, ನಿಮ್ಮ ಮನಿಯಾಕಿ ಏನ ಹಾಕ್ತಾಳ ನಿಮಗ?”

ಅಧಿಕಾರಿ ನಕ್ಕರು. ಅವರು ಕೈ ತೊಳೆಯಲು ಹೊಂಡದ ಮೆಟ್ಟಿಲು ಇಳಿದಾಗ ಅಂದಾನಪ್ಪನವರು ಗುರುಸಿದ್ದವ್ವನ ಕಡೆಗೆ ತಿರುಗಿದರು.

“ಇವತ್ತ ನೀನ ತೋರಸು. ನಾ ಮಾತಾಡೂದಿಲ್ಲ. ನಿನಗ ಯಾವ ಹಾಳಿ ತೋರಸಬೇಕನಸ್ತದ ಅದನ್ನ ತೋರಸು. ನಿನ್ನ ನೌಕರಿನೂ ಅದರಾಗ ಐತಿ. ನಾ ಏನೂ ಅನ್ನಾಂಗಿಲ್ಲ.”

ಅವಳಿಗೆ ಸಿಟ್ಟು ಬಂತು. ಹಿರಿಯ ಮನುಷ್ಯ, ಯಂತ್ರ ಅವರದು, ಬರೆದ ಪತ್ರ ಅವರದು. ಭಾರ ಮಾತ್ರ ಅವಳ ತಲೆಯ ಮೇಲೆ. ಔದಾರ್ಯವೆಂದು ಅವರು ತಿಳಿದಿರಬಹುದು, ಅವಳಿಗೆ ಹಾಗೆ ಕಾಣಲಿಲ್ಲ. ಜೀಪಿನಲ್ಲಿ ಹಿಂದಿನ ಸೀಟಿನ ಮೇಲೆ ಧೂಳು ಕುಡಿಯುತ್ತ ಬಾಗಲಕೋಟೆಯವರೆಗೆ ಬಂದಳು.

ಕೋಣೆಯಲ್ಲಿ ಹಂಡೆಯ ಕಿಟಕಿಯಿಂದ ನೇರಳೆ ಹೊಳಪನ್ನು ಬಗ್ಗಿ ನೋಡಿದ ಅಧಿಕಾರಿ, “ತುಂಬಾ ಚೆನ್ನಾಗಿದೆ, ತುಂಬಾ ಚೆನ್ನಾಗಿದೆ. ಎಲ್ಲಿ, ಆ ಅಳತೆ ತೋರಿಸಿ” ಎಂದರು. ಗುರುಸಿದ್ದವ್ವ ಎರಡು ಹಾಳೆಗಳನ್ನೂ ಮೇಜಿನ ಮೇಲೆ ಅಕ್ಕಪಕ್ಕ ಬಿಡಿಸಿದಳು.

“ನಿಮಗೆ ಬರೆದು ಕಳಿಸಿದ್ದು ಈ ಅಳತೆ. ಇದು ತಪ್ಪು. ಸರಿಯಾದದ್ದು ಇದು,” ಎಂದು ಪುಸ್ತಕದ ಕನ್ನಡದಲ್ಲಿ ಹೇಳಿದಳು. “ಕಡ್ಡಿಯ ತುದಿಗೆ ಪದರ ಹತ್ತಿತ್ತು. ಇಳಿಯುವ ಗೆರೆಯನ್ನು ನಾನು ತೆಗೆದಿರಲಿಲ್ಲ, ಹಾಗಾಗಿ ತಿಳಿಯಲಿಲ್ಲ.”

“ಪದರವೇ? ಏನು ಪದರ? ಪಂಪಿನ ಎಣ್ಣೆಯೇ?”

ಅವಳು ಉತ್ತರ ಕೊಡುವ ಮೊದಲು ಅಂದಾನಪ್ಪನವರು ಗೋಡೆಯ ಹತ್ತಿರದಿಂದ ಹೇಳಿದರು, “ವಿಭೂತಿರಿ. ಖಂಡೆ ಪೂಜಿಗೆ ನಾ ಹಚ್ಚಿದ್ದು.”

ಅಧಿಕಾರಿ ಒಂದು ಕ್ಷಣ ಇಬ್ಬರ ಮುಖ ನೋಡಿದರು. ಆಮೇಲೆ ಜೋರಾಗಿ ನಕ್ಕರು. ಬಾಳಮ್ಮನ ಮಾತಿಗೆ ನಕ್ಕದ್ದಕ್ಕಿಂತ ಜೋರಾಗಿ. “ಉಪಗ್ರಹಕ್ಕೂ ಹಚ್ಚಿ ಕಳಿಸೋಣ ಬಿಡಿ ಸ್ವಾಮಿ!” ಎಂದರು. ಕೋಣೆಯಲ್ಲಿ ಮತ್ತಾರೂ ನಗಲಿಲ್ಲ.

“ನಗೂ ಮಾತಲ್ರಿ,” ಎಂದಳು ಗುರುಸಿದ್ದವ್ವ. ಪುಸ್ತಕದ ಕನ್ನಡ ಬಾಯಿಂದ ಜಾರಿಹೋಗಿತ್ತು. “ಅವರು ಸೂಟ್ಯಾಗ ಮಾಡಿದ್ದನ್ನ ನಾ ಬಂದಾಕಿ ನೋಡಬೇಕಿತ್ತು. ನೋಡಲಿಲ್ಲ. ಎರಡನೇ ಕಡ್ಡಿಗೆ ಅವರೇ ಹಚ್ಚಿ, ಅವರೇ ಮುಳ್ಳ ಓದಿ ಕೊಟ್ಟಾರ. ಅದನ್ನೂ ಬರಕೊಳ್ರಿ.”

ಅಧಿಕಾರಿ ನಗು ನಿಲ್ಲಿಸಿ ಬರೆದುಕೊಂಡರು. ಒಳ್ಳೆಯ ಮನುಷ್ಯರೇ. ಹೋಗುವಾಗ ಅವಳಿಗೆ, ‘ಅಚ್ಚುಕಟ್ಟಾದ ಕೆಲಸ’ ಎಂದು ಹೇಳಿಯೇ ಹೋದರು. ಮಾರ್ಚಿನಲ್ಲಿ ಯೋಜನೆ ಮುಗಿಯಿತು, ಮುಂದುವರಿಯಲಿಲ್ಲ. ಅಂದಾನಪ್ಪನವರ ಯಂತ್ರ ಬೇರೆಯವರು ಮಾಡಿದ್ದಕ್ಕಿಂತ ಯಾವ ರೀತಿಯಲ್ಲೂ ಮೇಲಾಗಿರಲಿಲ್ಲ ಎಂಬುದು ಕಾರಣ. ಕಾರಣ ಸರಿಯಾಗಿತ್ತು. ಮೀಟರುಗಳನ್ನು ಬೆಂಗಳೂರಿನವರು ಪೆಟ್ಟಿಗೆಯಲ್ಲಿ ತುಂಬಿಸಿ ತರಿಸಿಕೊಂಡರು. ಹಂಡೆ ಉಳಿಯಿತು, ಅದರಲ್ಲಿ ರಾಜಮಹ್ಮದ ಒಡೆದ ಗಾಜು ತುಂಬತೊಡಗಿದ. ಗುರುಸಿದ್ದವ್ವನ ಕುರ್ಚಿ ಏಪ್ರಿಲಿನಲ್ಲಿ ಖಾಲಿಯಾಯಿತು.

ಸಿದ್ದವ್ವ ಒಂದು ತಿಂಗಳು ಮಗಳೊಡನೆ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಮಾತಾಡಿದಳು. ಆಡಿದ್ದಕ್ಕಿಂತ ಆಡದಿದ್ದದ್ದೇ ಹಗುರವಾಗಿತ್ತು ಎನ್ನಿಸಿತು ಮಗಳಿಗೆ.

ಒಂದು ವರ್ಷ ಮನೆಯಲ್ಲಿ ಕೂತ ಮೇಲೆ ಇಳಕಲ್ಲಿನ ಒಂದು ಪಿಯು ಕಾಲೇಜಿನಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಹುನಗುಂದದಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ಪ್ರಯೋಗಶಾಲೆಯೆಂದರೆ ಎರಡು ಮೇಜು, ತುಕ್ಕು ಹಿಡಿದ ಕಪಾಟು. ಹೊರಗೆ ಓಣಿಯಲ್ಲಿ ಮಗ್ಗಗಳ ಸದ್ದು. ಪ್ಲಾಸ್ಮಾದ ಹೆಸರನ್ನು ಅಲ್ಲಿ ಯಾರೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಹುಡುಗರಿಗೆ ತಂತಿ, ಬ್ಯಾಟರಿ, ಮೀಟರು ಕೊಟ್ಟು ಗೆರೆ ಬರೆಸುತ್ತಿದ್ದಳು. ಗಂಟಲು ಕಟ್ಟುವವರೆಗೆ ಪಾಠ ಹೇಳುತ್ತಿದ್ದಳು. ಬೇಸಿಗೆಯಿರಲಿ, ಚಳಿಯಿರಲಿ, ದಣಿವು ಎಲ್ಲ ಕಾಲಕ್ಕೂ ಒಂದೇ ತೆರನಾಗಿತ್ತು.

ಅಂದಾನಪ್ಪನವರನ್ನು ಅವಳು ಮತ್ತೆ ಕಂಡದ್ದು ೧೯೮೬ರಲ್ಲಿ, ಹುನಗುಂದದ ಬಸ್ ಸ್ಟ್ಯಾಂಡಿನಲ್ಲಿ, ಇಳಕಲ್ಲಿನ ಬಸ್ಸು ಇಳಿದು ಮನೆಗೆ ಹೊರಟಾಗ. ನಿವೃತ್ತರಾಗಿ ವರ್ಷಗಳಾಗಿದ್ದವು. ತಮ್ಮ ಸಹೋದರನ ಹೊಲದ ಕೇಸಿಗೆ ಕೋರ್ಟಿಗೆ ಬಂದಿದ್ದರಂತೆ, ಜಡ್ಜ್ ಸಾಹೇಬರು ಬಂದಿಲ್ಲವೆಂದು ತಾರೀಖು ಮುಂದೆ ಹೋಗಿತ್ತಂತೆ. ಕಲ್ಲುಬೆಂಚಿನ ಮೇಲೆ ಸರಿದು ಜಾಗ ಮಾಡಿಕೊಟ್ಟರು. ಹಣೆಯ ವಿಭೂತಿ ಬೆವರಿಗೆ ಕಲಸಿತ್ತು.

“ಎಲ್ಲಿ ಇದ್ದಿಯವಾ ಈಗ?”

“ಇಳಕಲ್ಲಾಗ್ರಿ ಸರ್. ಪಿಯು.”

“ನಮ್ಮೂರು. ಛಲೋ ಆತು.” ಬಸ್ಸೊಂದು ಬಂದು ನಿಂತು ಹೋಯಿತು, ಅವರದಲ್ಲ. “ನಿನ್ನ ನೌಕರಿ ಹೋತು ಅಂತ ನನಗ ಭಾಳ ದಿನಾ ಮನಸಿನ್ಯಾಗ ಇತ್ತು.”

“ನಿಮ್ಮ ಯಂತ್ರನೂ ಹೋತಲ್ರಿ.”

“ಅದು ಇದ್ದಿದ್ದಿಲ್ಲ ಬಿಡು. ಇದ್ದಿದ್ದ ಹೋಗೂದ ಬ್ಯಾರೆ, ಇಲ್ಲದ್ದ ಹೋಗೂದ ಬ್ಯಾರೆ.” ಛತ್ರಿಯ ತುದಿಯಿಂದ ನೆಲ ಗೀರುತ್ತ ಕೇಳಿದರು, “ಹುಡುಗೂರ ಕಡಿಂದ ಇಳಿಯೂ ಗೆರಿ ತಗಸ್ತಿಯೇನ?”

“ತಗಸ್ತೇನ್ರಿ. ಒಬ್ಬರನ್ನೂ ಬಿಡಾಂಗಿಲ್ಲ.”

“ತಗೀತಾರ?”

“ಬೈಕೊಂತ ತಗೀತಾರ. ನನ್ನ ಹಿಂದ ನನಗ ಇಳಿಗೆರಿ ಅಕ್ಕಾರ ಅಂತಾರಂತ.”

ಅಂದಾನಪ್ಪನವರು ನಕ್ಕರು. ಹಲ್ಲು ಎರಡು ಮೂರು ಹೋಗಿದ್ದವು. “ಅನ್ಲಿ ಬಿಡು,” ಎಂದರು.

ಬಾಗಲಕೋಟೆಯ ಬಸ್ಸು ಬಂತು. ಅವರು ಛತ್ರಿ ಊರಿ ಎದ್ದು, ಜನರ ನಡುವೆ ನುಗ್ಗಲಾರದೆ ಹಿಂದೆ ನಿಂತರು. ಗುರುಸಿದ್ದವ್ವ ಮುಂದೆ ಹೋಗಿ, ಕಿಟಕಿಯೊಳಗಿಂದ ತನ್ನ ಚೀಲವನ್ನು ಸೀಟಿನ ಮೇಲೆ ಒಗೆದು ಜಾಗ ಹಿಡಿದಳು. ಅವರು ಹತ್ತಿ ಕೂತ ಮೇಲೆ ಚೀಲವನ್ನು ಕಿಟಕಿಯಿಂದಲೇ ಹಿಂದಕ್ಕೆ ಕೊಟ್ಟರು. ಬಸ್ಸು ಹೊರಟಿತು. ಚೀಲದಲ್ಲಿ ತಿದ್ದಬೇಕಾದ ಹುಡುಗರ ಗೆರೆಯ ಹಾಳೆಗಳಿದ್ದವು. ಮನೆಯಲ್ಲಿ ಸಿದ್ದವ್ವ ಊಟಕ್ಕೆ ಕಾಯುತ್ತಿರುತ್ತಾಳೆ. ಗುರುಸಿದ್ದವ್ವ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು ನಡೆದಳು.